ಗಲ್ಲಾಪೆಟ್ಟಿಗೆಯ ಮೂರು ಕಾಸು, ಮಗ್ಗದ ಮೇಲಿನ ಸೀರೆ: ಶಾಸ್ತ್ರ ಹೇಳೋದೇನು?

ಯಶವಂತಪುರದ ಮಾರುಕಟ್ಟೆ ಬೀದಿಯಿಂದ ಆರ್.ಟಿ. ನಗರದ ಫ್ಯಾನ್ಸಿ ಸ್ಟೋರುಗಳವರೆಗೆ ಒಂದು ಸುತ್ತು ಹಾಕಿ ನೋಡಿ. ಗಲ್ಲಾಪೆಟ್ಟಿಗೆ ಮೇಲೆ ಲಕ್ಷ್ಮಿ ಪಟ, ಊದುಬತ್ತಿ ಹೊಗೆ. ಅದರ ಪಕ್ಕದಲ್ಲೇ ಕೆಂಪು ದಾರದಲ್ಲಿ ಕಟ್ಟಿದ ಮೂರು ಚೀನೀ ಕಾಸು. ದುಂಡು ಕಾಸು, ನಡುವೆ ಚೌಕದ ತೂತು. ದುಂಡು ಆಕಾಶವಂತೆ, ಚೌಕ ಭೂಮಿಯಂತೆ. ಏನಿದು ಅಂತ ಕೇಳಿದರೆ, ವ್ಯಾಪಾರ ಕುದುರುತ್ತಂತೆ ಅನ್ನೋದಷ್ಟೇ ಉತ್ತರ!

ಆದರೆ ಚೀನಾದಲ್ಲಿ ಈ ಮೂರು ಕಾಸಿಗೆ ಇನ್ನೊಂದು ಕೆಲಸವೂ ಉಂಟು. ಅಲ್ಲಿ ಅವನ್ನು ಎಸೆದು ಶಾಸ್ತ್ರ ಕೇಳುತ್ತಾರೆ. ಆ ಶಾಸ್ತ್ರದ ಪುಸ್ತಕದ ಹೆಸರು 'ಯೀ ಚಿಂಗ್'. ಅಂದರೆ ಪರಿವರ್ತನೆಗಳ ಗ್ರಂಥ. ಅದರ ಮೂಲಭಾಗಕ್ಕೆ ಹೆಚ್ಚೂಕಮ್ಮಿ 2,800 ವರ್ಷ ವಯಸ್ಸು.

ಆರು ಸಲ ಎಸೆತ, 64 ಉತ್ತರ

ಲೆಕ್ಕ ಸುಲಭ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಮೂರೂ ಕಾಸು ಒಟ್ಟಿಗೆ ಎಸೆಯಬೇಕು. ಕಾಸಿನ ಒಂದು ಮುಖಕ್ಕೆ 3, ಇನ್ನೊಂದಕ್ಕೆ 2. ಕೂಡಿದರೆ 6, 7, 8, 9 ಇವುಗಳಲ್ಲಿ ಒಂದು ಬರಲೇಬೇಕು. ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. ಹೀಗೆ ಆರು ಸಲ ಎಸೆದು ಕೆಳಗಿನಿಂದ ಮೇಲಕ್ಕೆ ಗೆರೆ ಜೋಡಿಸಿದರೆ 64 ಚಿತ್ರಗಳಲ್ಲಿ ಒಂದು ಸಿಗುತ್ತದೆ. 6 ಅಥವಾ 9 ಬಿದ್ದ ಗೆರೆ ನಿಲ್ಲುವ ಗೆರೆ ಅಲ್ಲ. ಇಡೀದು ತುಂಡಾಗುತ್ತೆ, ತುಂಡಾದದ್ದು ಕೂಡುತ್ತೆ. ಆಗ ಎರಡನೇ ಚಿತ್ರ ಹುಟ್ಟುತ್ತದೆ. ಕಾಸಿಗಿಂತ ಹಳೆಯ ಪದ್ಧತಿಯಲ್ಲಿ 50 ಕಡ್ಡಿ ತೆಗೆದುಕೊಂಡು, ಒಂದನ್ನು ಬದಿಗಿಟ್ಟು, ಮಿಕ್ಕ 49ರಲ್ಲಿ ಎಣಿಸುತ್ತಿದ್ದರು.

ಮಂಗಳವಾರ ಸರಕು ಬರುತ್ತೆ, ಬುಧವಾರ ಸಾಲ ತೀರುತ್ತೆ ಅಂತ ಈ ಪುಸ್ತಕ ಹೇಳೋದಿಲ್ಲ. ಈಗ ಕಾಯಿ, ಈಗ ಹೊಳೆ ದಾಟು, ಈಗ ಬಾಯಿ ಮುಚ್ಚಿಕೊಂಡಿರು - ಈ ಜಾತಿಯ ಬುದ್ಧಿಮಾತು ಅದರದ್ದು.

ನಮ್ಮವರೇನೂ ಹಿಂದೆ ಬಿದ್ದಿಲ್ಲ. ಗರ್ಗ ಮುನಿಯ ಹೆಸರಿನಲ್ಲಿ ಬಂದಿರುವ 'ಪಾಶಕ ಕೇವಲಿ'ಯಲ್ಲಿ ನಾಲ್ಕು ಮುಖದ ದಾಳವನ್ನು ಮೂರು ಸಲ ಉರುಳಿಸಬೇಕು. ನಾಲ್ಕು ನಾಲ್ಕಲೆ ಹದಿನಾರು, ಹದಿನಾರು ನಾಲ್ಕಲೆ 64! ಇಂಥ ದಾಳಶಾಸ್ತ್ರದ ಹಳೆಯ ಪ್ರತಿ 1890ರಲ್ಲಿ ಸಿಕ್ಕಿದ್ದು ಎಲ್ಲಿ ಗೊತ್ತೆ? ಕೂಚಾದಲ್ಲಿ. ಅದು ಈಗ ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯಕ್ಕೆ ಸೇರಿದ ಊರು.

ಹಳದಿ ವಸ್ತ್ರ ನಂಬಿ ಕೆಟ್ಟವನು

ಉಡುಪಿಗೂ ಈ ಗೆರೆಗಳಿಗೂ ಹಳೇ ನಂಟು. ಹಳೆಯ ರಾಜರು ಮೇಲುಡುಪು, ಕೆಳಉಡುಪಿನ ಕ್ರಮವನ್ನು ಮೊದಲ ಎರಡು ಚಿತ್ರಗಳಿಂದಲೇ ತೆಗೆದುಕೊಂಡರು ಅನ್ನುತ್ತದೆ ಆ ಗ್ರಂಥದ ವ್ಯಾಖ್ಯಾನ. ಮೊದಲನೆಯದು ಆಕಾಶ, ಎರಡನೆಯದು ಭೂಮಿ. ಭೂಮಿಯ ಚಿತ್ರದ ಐದನೇ ಗೆರೆಗೆ ಹಳದಿ ಕೆಳವಸ್ತ್ರ ಮಹಾಶುಭ ಅನ್ನೋ ಫಲ.

ಕ್ರಿ.ಪೂ. 530ರಲ್ಲಿ ಲೂ ರಾಜ್ಯದಲ್ಲಿ ನಾನ್ ಕ್ವಾಯ್ ಎಂಬ ಪಾರುಪತ್ಯಗಾರನಿಗೆ ಇದೇ ಗೆರೆ ಬಿತ್ತು. ಧಣಿಯ ವಿರುದ್ಧ ತಿರುಗಿಬೀಳುವ ಹುನ್ನಾರ ಅವನದು. ವಿಷಯ ಬಚ್ಚಿಟ್ಟು ಬಲ್ಲವನೊಬ್ಬನಿಗೆ ಫಲ ತೋರಿಸಿದ. ಆತ ಖಡಾಖಂಡಿತವಾಗಿ ಹೇಳಿಬಿಟ್ಟ: ನಿಯತ್ತಿನ ಕೆಲಸವಾದರೆ ಶುಭ, ಇಲ್ಲದಿದ್ದರೆ ಸೋಲು; ದ್ರೋಹಕ್ಕೆ ಈ ಶಾಸ್ತ್ರ ಕೇಳಬೇಡ. ನಾನ್ ಕ್ವಾಯ್ ಕೇಳಲಿಲ್ಲ. ಎರಡು ವರ್ಷದಲ್ಲಿ ತನ್ನ ಊರಿನವರೇ ತಿರುಗಿಬಿದ್ದು, ಪಕ್ಕದ ರಾಜ್ಯಕ್ಕೆ ಓಟ ಕಿತ್ತ!

ನಮ್ಮ ವರಾಹಮಿಹಿರನೂ ಆರನೇ ಶತಮಾನದಲ್ಲೇ 'ಬೃಹತ್ಸಂಹಿತೆ'ಯಲ್ಲಿ ಬಟ್ಟೆಗೆ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಹೊಸ ಬಟ್ಟೆಯನ್ನು ಒಂಬತ್ತು ಭಾಗ ಮಾಡಿ. ನಾಲ್ಕು ಮೂಲೆ ದೇವತೆಗಳಿಗೆ, ಎರಡು ತುದಿಗಳ ನಡುಭಾಗ ಮನುಷ್ಯರಿಗೆ, ಉಳಿದ ಮೂರು ರಾಕ್ಷಸರಿಗೆ. ಮಸಿ ಬಿದ್ದರೆ, ಹರಿದರೆ, ಸುಟ್ಟರೆ ಎಲ್ಲಿ ಅಂತ ನೋಡಿ ಫಲ ಹೇಳಬೇಕು. ರಾಕ್ಷಸರ ಪಾಲಿನಲ್ಲಾದರೆ ರೋಗವಂತೆ! ಯಾವ ನಕ್ಷತ್ರದಲ್ಲಿ ಹೊಸ ಬಟ್ಟೆ ಉಡಬೇಕು ಅನ್ನೋ ಪಟ್ಟಿಯೂ ಇದೆ. ಆದರೆ ಆಸಾಮಿ ಲೋಕ ಬಲ್ಲವನು: ದೊರೆ ಕೊಟ್ಟದ್ದು, ಮದುವೆಯಲ್ಲಿ ಸಿಕ್ಕಿದ್ದು ನಕ್ಷತ್ರ ಸರಿಯಿಲ್ಲದಿದ್ದರೂ ಉಡಬಹುದು ಅಂತ ಕಿಟಕಿ ತೆರೆದಿಟ್ಟಿದ್ದಾನೆ. ಇವತ್ತಿಗೂ ಹೊಸ ಬಟ್ಟೆ ಮೂಲೆಗೆ ಅರಿಶಿನ ಮುಟ್ಟಿಸದೆ ಉಡದ ಮನೆಗಳು ಎಷ್ಟೋ.

ತೂತು ಇದ್ದರೆ ಏಳು

ಯಲಹಂಕ, ದೊಡ್ಡಬಳ್ಳಾಪುರದ ಪವರ್‌ಲೂಮ್ ನೇಕಾರರಿಗೆ ಆ ಗೆರೆಗಳು ಹೊಸದೇನೂ ಅನ್ನಿಸಲಾರವು. 1804ರಲ್ಲಿ ಫ್ರಾನ್ಸಿನಲ್ಲಿ ಬಂದ ಜಕಾರ್ಡ್ ನಡೆಯುವುದೇ ತೂತು ಹೊಡೆದ ರಟ್ಟಿನ ಕಾರ್ಡುಗಳ ಮೇಲೆ. ತೂತು ಇದ್ದ ಕಡೆ ಹಾಸಿನ ಎಳೆ ಏಳುತ್ತೆ, ಇಲ್ಲದ ಕಡೆ ಮಲಗುತ್ತೆ. ಮೂರನೇ ಮಾತಿಲ್ಲ. ಅಂಚಿನ ಬಳ್ಳಿ, ಸೆರಗಿನ ನವಿಲು ಎಲ್ಲ ಈ ಎರಡೇ ಮಾತಿನಿಂದ ಆದದ್ದು. ಆರು ಎಳೆಗೆ ಏಳು-ಮಲಗು ಅಂದರೆ ಆಗುವ ಬಗೆ ಸರಿಯಾಗಿ 64! ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್ 1703ರಲ್ಲೇ ಈ ಚೀನೀ ಗೆರೆಗಳಲ್ಲಿ 0 ಮತ್ತು 1ರ ಲೆಕ್ಕ ಕಂಡಿದ್ದ. ಇವತ್ತಿನ ಕಂಪ್ಯೂಟರ್ ನಿಂತಿರೋದೂ ಅದೇ ಲೆಕ್ಕದ ಮೇಲೆ.

ಅಮೆರಿಕದ ಸಂಗೀತಗಾರ ಜಾನ್ ಕೇಜ್ 1951ರಲ್ಲಿ ಕಾಸು ಎಸೆದು, ಯೀ ಚಿಂಗ್ ಹೇಳಿದಂತೆ ಸ್ವರ ಜೋಡಿಸಿದ. ಬಟ್ಟೆಗೂ ಈ ದಾರಿ ಒಗ್ಗುತ್ತೆ. ಇಡೀ ಗೆರೆಗೆ ಇಡೀ ಪಟ್ಟೆ, ತುಂಡು ಗೆರೆಗೆ ತುಂಡು ಪಟ್ಟೆ. ಮಾಡಿದ್ದನ್ನೇ ಮಾಡುವ ಕೈಯಿಂದ ಹೊಸ ಅಂಚು ಹುಟ್ಟಬಹುದು.

ಹೊಟ್ಟೆಪಾಡಿನ ಮಾತು

ಇದೆಲ್ಲ ಬರೀ ತಮಾಷೆ ಅನ್ನುವಂತಿಲ್ಲ. ಶಾಸ್ತ್ರ ನಂಬಲಿ ಬಿಡಲಿ, ನೇಕಾರನ ಮಗ್ಗ ಪಂಚಾಂಗ ನೋಡಿಯೇ ತಿರುಗೋದು. ಆಷಾಢ ಬಂತೆಂದರೆ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ರೇಷ್ಮೆ ಸೀರೆ ಕೇಳೋರಿಲ್ಲ. ಅಂಗಡಿಯವರು 'ಆಷಾಢ ಡಿಸ್ಕೌಂಟ್' ಬೋರ್ಡು ನೇತುಹಾಕಿ ಹೇಗೋ ಸುಧಾರಿಸುತ್ತಾರೆ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು, ಎರಡು ತಿಂಗಳು ಸಾಲಾಗಿ ಮದುವೆ ಮುಹೂರ್ತಕ್ಕೆ ಬೀಗ. ಸಾಲದ ಕಂತು, ನೂಲಿನ ಬಾಕಿಗೆ ಮಾತ್ರ ಅಧಿಕ ಮಾಸದ ರಿಯಾಯಿತಿ ಇಲ್ಲ!

ಈ ಗಂಡಾಂತರ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತೆ ಅನ್ನೋದೇ ಸಮಾಧಾನ. ಮುಂದಿನ ವರ್ಷದ ಮುಹೂರ್ತ ಎಷ್ಟು, ಖಾಲಿ ತಿಂಗಳು ಯಾವುದು ಅಂತ ಯುಗಾದಿ ದಿನವೇ ಎಣಿಸಿಕೊಂಡರೆ, ಆ ತಿಂಗಳಿಗೆ ಮದುವೆಯ ಹಂಗಿಲ್ಲದ, ದಿನಬಳಕೆಯ ಅಗ್ಗದ ಸೀರೆ ನೇಯಲು ಮಗ್ಗ ಸಜ್ಜು ಮಾಡಬಹುದು. ಅಂಗಡಿಯವರೂ ಸ್ಟಾಕು ಬಿಗಿ ಹಿಡಿಯಬಹುದು. ಅದಕ್ಕೆ ಜ್ಯೋತಿಷಿ ಬೇಡ, ಬೆರಳೆಣಿಕೆ ಸಾಕು.

ಗಲ್ಲಾದ ಮೂರು ಕಾಸನ್ನು ಬಿಚ್ಚಿ ಎಸೆಯುವವರು ಧಾರಾಳವಾಗಿ ಎಸೆಯಲಿ. ಅದಕ್ಕೆ ಮೊದಲು ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ, ಕೆಳಗೆ ಸ್ಟಾಕು ಎಷ್ಟು, ಸಾಲ ಎಷ್ಟು ಅನ್ನೋದನ್ನೂ ಸೇರಿಸಲಿ. ಅರ್ಧ ಉತ್ತರ ಆ ಚೀಟಿಯಲ್ಲೇ ಸಿಕ್ಕೀತು.