ರಜೆಗೆ ಬಂದ ಸೈನಿಕನಿಗೆ ಮನಸ್ಸು ಸರಿಯಿಲ್ಲದಿದ್ದರೆ



ಬುಟಿಬೋರಿಯಿಂದ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಒಂದು ಪತ್ರ ಬಂದಿದೆ. ನಾಗಪುರದ ದಕ್ಷಿಣಕ್ಕೆ ವಾರ್ಧಾ ರಸ್ತೆಯಲ್ಲಿರುವ ಈ ಕಾರ್ಖಾನೆಗಳ ಊರು ನಿಮ್ಮಲ್ಲಿ ಹಲವರಿಗೆ ರೈಲಿನ ಕಿಟಕಿಯಿಂದಲಾದರೂ ಪರಿಚಯ ಇರುತ್ತದೆ. ಬರೆದವರು ಅಲ್ಲಿಯ ಒಬ್ಬ ಗೃಹಿಣಿ. ಅವರ ತಮ್ಮ ಸೇನೆಯಲ್ಲಿ ಸಿಪಾಯಿ. ಈ ಸಲ ರಜೆಯಲ್ಲಿ ಊರಿಗೆ ಹೋಗದೆ ಅಕ್ಕನ ಮನೆಯಲ್ಲೇ ಇಳಿದಿದ್ದಾನೆ. ರಾತ್ರಿ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ, ಮಕ್ಕಳು ಮಾಮಾ ಎಂದು ಓಡಿ ಬಂದರೂ ಗೋಡೆ ನೋಡುತ್ತಾ ಕೂತಿರುತ್ತಾನೆ. ಆ ಅಕ್ಕನ ಪ್ರಶ್ನೆ ಇಷ್ಟೇ: ‘ಇಲ್ಲೇ ಯಾರಾದರೂ ಪ್ರೈವೇಟ್ ಡಾಕ್ಟರಿಗೆ ಗುಟ್ಟಾಗಿ ತೋರಿಸಿದರೆ ಆಗದೇ? ಪಲ್ಟನ್ನಿನಲ್ಲಿ ಗೊತ್ತಾದರೆ ಕೆಟಗರಿ ಮಾಡಿ ಮನೆಗೆ ಕಳಿಸುತ್ತಾರೆ ಅನ್ನುತ್ತಾನೆ.’

ನಾನು ಡಾಕ್ಟರಲ್ಲ, ಮೈಕಿನ ಮುಂದೆ ಮಾತಾಡುವವನು. ಆದರೂ ಈ ‘ಕೆಟಗರಿ’ ಎಂಬ ಪದವನ್ನು ಬಿಡಿಸಿ ಹೇಳಲೇಬೇಕು ಅನ್ನಿಸಿತು. ಎಷ್ಟೋ ಮನೆಗಳಲ್ಲಿ ಕಾಯಿಲೆಗಿಂತ ಈ ಪದದ ಭಯವೇ ದೊಡ್ಡದಾಗಿದೆ.

ಸೇನೆಯಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನು ಅಳೆಯುವುದಕ್ಕೆ ‘ಶೇಪ್’ ಎಂಬ ಲೆಕ್ಕವಿದೆ. ಅದರ ಐದು ಅಕ್ಷರಗಳಲ್ಲಿ ಮೊದಲನೆಯದಾದ ‘ಎಸ್’ ಮನಸ್ಸಿಗೆ ಸಂಬಂಧಿಸಿದ್ದು. ಉಳಿದವು ಕಿವಿ, ಕೈಕಾಲು, ದೇಹದ ಶಕ್ತಿ ಮತ್ತು ಕಣ್ಣು. ಪ್ರತಿ ಅಕ್ಷರಕ್ಕೂ 1ರಿಂದ 5ರವರೆಗೆ ಅಂಕೆ. 1 ಎಂದರೆ ಎಲ್ಲಿಗೆ ಬೇಕಾದರೂ ಹೋಗಬಲ್ಲವನು. 2 ಮತ್ತು 3 ಎಂದರೆ ನೌಕರಿ ಇದೆ, ಕೆಲಸದಲ್ಲಿ ಕೆಲವು ನಿರ್ಬಂಧಗಳಿವೆ. 4 ಎಂದರೆ ಆಸ್ಪತ್ರೆಯಲ್ಲೋ ಕಾಯಿಲೆ ರಜೆಯಲ್ಲೋ ಇದ್ದಾನೆ, ಸದ್ಯಕ್ಕೆ ಡ್ಯೂಟಿ ಇಲ್ಲ. ಸೇವೆಗೆ ಇನ್ನು ಆಗುವುದೇ ಇಲ್ಲ ಎನ್ನುವುದು 5 ಮಾತ್ರ.

ಈಗ ನೋಡಿ, ಆ ಹುಡುಗ ಹೆದರುತ್ತಿರುವುದು 5ಕ್ಕೆ. ಖಿನ್ನತೆಗೆ ಚಿಕಿತ್ಸೆ ಪಡೆದವನಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ತಾತ್ಕಾಲಿಕ ಕೆಟಗರಿ. ಅದಕ್ಕೆ ಅವಧಿ ಇರುತ್ತದೆ, ಹೆಚ್ಚಾಗಿ 24 ವಾರ. ಆಮೇಲೆ ಮತ್ತೆ ಪರೀಕ್ಷೆ. ಗುಣ ಕಂಡರೆ ಅಂಕೆ ಮೇಲಕ್ಕೆ ಬರುತ್ತದೆ, ಮತ್ತೆ 1 ಆಗುವುದಕ್ಕೂ ದಾರಿ ಇದೆ. ಈ ಅವಧಿಯಲ್ಲಿ ಕೈಗೆ ಬಂದೂಕು ಕೊಡುವುದಿಲ್ಲ, ಒಬ್ಬನೇ ಪಹರೆ ನಿಲ್ಲುವ ಕೆಲಸಕ್ಕೆ ಹಾಕುವುದಿಲ್ಲ. ಸೈನಿಕನಿಗೆ ಇದು ಅವಮಾನ ಅನ್ನಿಸಬಹುದು. ಆದರೆ ಬದುಕು ಬೇಡ ಎಂಬ ಯೋಚನೆ ಬರುತ್ತಿರುವವನ ಕೈಯಿಂದ ಆಯುಧ ದೂರ ಇಡುವುದು ಆ ದಿನಗಳ ಮೊದಲ ಔಷಧಿ.

ಎಲ್ಲ ಸರಿಯಾಗಿದೆ ಎಂದು ಸಕ್ಕರೆ ಸವರಿ ಹೇಳುವುದಿಲ್ಲ. ಕೆಟಗರಿ ಇರುವಷ್ಟು ಕಾಲ ಬಡ್ತಿ, ಕೋರ್ಸು, ವಿದೇಶದ ನಿಯೋಜನೆ ಇವುಗಳಿಗೆ ಪೆಟ್ಟು ಬೀಳಬಹುದು. ಗುಟ್ಟು ಕೂಡ ನಾಗರಿಕರಿಗೆ ಇರುವಷ್ಟು ಇಲ್ಲ. ಮನೋವೈದ್ಯರ ಬಳಿಗೆ ಕಳಿಸುವಾಗ ಅವನ ನಡವಳಿಕೆ, ಕೆಲಸದ ಬಗ್ಗೆ ಘಟಕದ ಕಮಾಂಡಿಂಗ್ ಆಫೀಸರ್ ಒಂದು ನಿಗದಿತ ಫಾರಂನಲ್ಲಿ ವರದಿ ಬರೆಯಬೇಕು. ಅಂದರೆ ಸಾಹೇಬರಿಗೆ ಗೊತ್ತಾಗದೆ ಇರುವುದಿಲ್ಲ. ಕ್ಯಾಂಟೀನಿನಲ್ಲಿ ನಾಲ್ಕು ಜನ ಪಿಸುಗುಡುತ್ತಾರೆ ಎಂಬ ಅವನ ಸಂಕಟವೂ ಸುಳ್ಳಲ್ಲ.

ಹಾಗಿದ್ದರೆ ಗುಟ್ಟಾಗಿ ತೋರಿಸುವುದೇ ಮೇಲಲ್ಲವೇ? ಲೆಕ್ಕ ಹಾಕೋಣ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಅದರ ಗುಣ ಕಾಣಿಸುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಚೇತರಿಸಿಕೊಂಡ ಮೇಲೂ ತಿಂಗಳುಗಟ್ಟಲೆ ನುಂಗಬೇಕು. ತಾನಾಗಿಯೇ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ಕಾಯಿಲೆ ಮರುಕಳಿಸುವುದು ಎಲ್ಲ ಉಂಟು. ರಜೆ ಮುಗಿಸಿ ಗಡಿಯ ಯಾವುದೋ ಪೋಸ್ಟಿಗೆ ಹೋದವನಿಗೆ ಆ ಗುಟ್ಟಿನ ಮಾತ್ರೆಯನ್ನು ಯಾರು ತಂದುಕೊಡುತ್ತಾರೆ? ಟ್ರಂಕಿನಲ್ಲಿ ಬಚ್ಚಿಟ್ಟ ಸ್ಟ್ರಿಪ್ ಮುಗಿದ ದಿನ ಅವನು ಒಬ್ಬಂಟಿ. ಕೈಯಲ್ಲಿ ಮಾತ್ರ ರೈಫಲ್ ಇರುತ್ತದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಖಿನ್ನತೆ ಇರುವವನು ರಜೆ ಮುಗಿದರೂ ಹಾಸಿಗೆಯಿಂದ ಏಳದೆ ಇರಬಹುದು, ಮೇಲಿನವರಿಗೆ ಎದುರುತ್ತರ ಕೊಡಬಹುದು. ತಕ್ಕ ಕಾರಣವಿಲ್ಲದೆ ರಜೆ ಮೀರುವುದು 1950ರ ಸೇನಾ ಕಾಯಿದೆಯ ಪ್ರಕಾರ ಅಪರಾಧ. ಆಸ್ಪತ್ರೆಯ ಕಾಗದ ಇದ್ದರೆ ಅದನ್ನು ಕಾಯಿಲೆ ಎಂದು ಹೇಳಿಕೊಳ್ಳಬಹುದು, ಇಲ್ಲದಿದ್ದರೆ ಬರೀ ಅಶಿಸ್ತು.

ಕಾಗದದ ಬೆಲೆ ಏನೆಂಬುದಕ್ಕೆ ಒಂದು ನಿಜವಾದ ಪ್ರಕರಣವಿದೆ. ಅದು ಸೇನೆಯದಲ್ಲ, ಸಿಆರ್‌ಪಿಎಫ್‌ನದು. ಅಸಿಸ್ಟೆಂಟ್ ಕಮಾಂಡೆಂಟ್ ರವೀಂದರ್ ಕುಮಾರ್ ಧಾರಿವಾಲ್ 2001ರಲ್ಲಿ ಪಡೆ ಸೇರಿದವರು. 2003ರ ಹೊತ್ತಿಗೆ ಗೀಳಿನ ಕಾಯಿಲೆ, ಆಮೇಲೆ ಖಿನ್ನತೆ, ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಚಿಕಿತ್ಸೆ. 2010ರಲ್ಲಿ ನಡವಳಿಕೆಯ ಬಗ್ಗೆ ದೂರು ಬಂದು ಶಿಸ್ತುಕ್ರಮ ಶುರುವಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಡಿಸೆಂಬರ್ 17ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಆ ಶಿಸ್ತುಕ್ರಮವನ್ನು ರದ್ದು ಮಾಡಿತು. ಕಾಯಿಲೆಯಿಂದ ಹುಟ್ಟಿದ ನಡವಳಿಕೆಗೆ ಶಿಕ್ಷಿಸುವುದು ತಾರತಮ್ಯ ಎಂದಿತು. ಈಗಿನ ಕೆಲಸಕ್ಕೆ ಆಗದಿದ್ದರೆ ಆಯುಧ ಮುಟ್ಟದ ಬೇರೆ ಕೆಲಸ ಕೊಡಬಹುದು ಎಂದೂ ಹೇಳಿತು. ಸೇನೆಗೆ ಅದರದೇ ಕಾಯಿದೆಗಳಿವೆ, ಈ ತೀರ್ಪನ್ನು ಹಾಗೇ ಎತ್ತಿ ಅಲ್ಲಿಗೆ ಹಚ್ಚಲಾಗದು. ಆದರೆ ವರ್ಷಗಳ ಹಿಂದಿನಿಂದ ಸರ್ಕಾರಿ ಆಸ್ಪತ್ರೆಯ ದಾಖಲೆ ಇಲ್ಲದಿದ್ದರೆ ಆ ಅಧಿಕಾರಿ ಏನನ್ನು ತೋರಿಸುತ್ತಿದ್ದರು?

ನಮ್ಮವರಿಗೆ ಇನ್ನೊಂದು ತೊಡಕು ಭಾಷೆಯದು. ಪರೇಡಿನ ಹಿಂದಿ ಬೇರೆ, ಸಂಕಟ ಹೇಳಿಕೊಳ್ಳುವ ಹಿಂದಿ ಬೇರೆ. ‘ಎದೆ ಭಾರ’, ‘ಯಾಕೋ ಯಾವುದೂ ಬೇಡ’ ಎನ್ನುವುದನ್ನು ಹಿಂದಿಯಲ್ಲಿ ಹೇಳಲಾಗದೆ ಎಷ್ಟೋ ಹುಡುಗರು ‘ಗ್ಯಾಸ್ಟ್ರಿಕ್ ಸಾರ್’ ಎಂದು ಮಾತ್ರೆ ತಗೊಂಡು ಬರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡವೂ ಇದೆ. ನಂಬರ್ 14416, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ. ಸೈನಿಕರಿಗೂ ಅವರ ಮನೆಯವರಿಗೂ ಎಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಒಂದು ಪ್ರತ್ಯೇಕ ವಿಭಾಗವನ್ನೂ ತೆರೆದರು. ಅಕ್ಕನೇ ಮೊದಲು ಫೋನ್ ಮಾಡಿ ವಿಚಾರಿಸಬಹುದು, ತಮ್ಮನ ಹೆಸರು ಹೇಳದೆಯೂ ಮಾತಾಡಬಹುದು.

ಎರಡು ವಾರ ಮೀರಿ ನಿದ್ದೆ, ಊಟ, ಆಸಕ್ತಿ ಎಲ್ಲ ಕೈಬಿಟ್ಟಿದ್ದರೆ ರಜೆ ಮುಗಿಯಲಿ ಎಂದು ಕಾಯಬೇಡಿ. ರಜೆಯಲ್ಲಿರುವ ಸೈನಿಕ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಬಹುದು. ಬುಟಿಬೋರಿಯವರಿಗೆ ಅದು ನಾಗಪುರ ದಾಟಿ ಕಾಮ್ಠಿಯಲ್ಲಿದೆ. ಮನೋವೈದ್ಯರು ಅಲ್ಲಿ ಸಿಗದಿದ್ದರೆ ದೊಡ್ಡ ಸೇನಾ ಆಸ್ಪತ್ರೆಗೆ ಅವರೇ ಕಳಿಸುತ್ತಾರೆ. ಸಾಯುವ ಮಾತು ಬಾಯಿಗೆ ಬಂದಿದ್ದರೆ ಮಾತ್ರ ಅಷ್ಟು ದೂರದ ಯೋಚನೆ ಬೇಡ. ಒಬ್ಬನನ್ನೇ ಬಿಡದೆ, ದಾರಿಯಲ್ಲೇ ಸಿಗುವ ಮಿಹಾನ್‌ನ ಏಮ್ಸ್‌ಗೆ ಆಗಲೇ ಕರೆದೊಯ್ಯಿರಿ. ಘಟಕಕ್ಕೂ ಹತ್ತಿರದ ಮಿಲಿಟರಿ ಆಸ್ಪತ್ರೆಗೂ ಆಮೇಲೆ ತಿಳಿಸಿದರೆ ಆಯಿತು. ಹೋಗುವಾಗ ಅವನ ಗುರುತಿನ ಚೀಟಿ, ರಜೆಯ ಸರ್ಟಿಫಿಕೇಟು, ಈಗಾಗಲೇ ಏನಾದರೂ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿ, ಇಷ್ಟನ್ನು ಒಂದು ಕವರಿನಲ್ಲಿ ಹಾಕಿಕೊಂಡು ಅಕ್ಕನೂ ಜೊತೆಗೆ ಹೋಗಲಿ. ರಾತ್ರಿ ಎಷ್ಟು ಹೊತ್ತಿಗೆ ಎದ್ದು ಕೂರುತ್ತಾನೆ ಎಂಬುದನ್ನು ಡಾಕ್ಟರಿಗೆ ಹೇಳಬಲ್ಲವರು ಅವರೇ.