ಒಲೆಫಿನ್ ಪಾಲಿಮರೀಕರಣದಲ್ಲಿ ಅಯಾನು ಜೋಡಿ: ಗಣನಾತ್ಮಕ ಅಧ್ಯಯನದ ನೆಲೆ

ಕಾರ್ಲ್ ಜೀಗ್ಲರ್ ಮತ್ತು ಜೂಲಿಯೊ ನಟ್ಟಾ ಅವರ ಸಂಶೋಧನೆಯಿಂದ 1950ರ ದಶಕದಲ್ಲಿ ಬಳಕೆಗೆ ಬಂದ ಘನ ಕ್ರಿಯಾವರ್ಧಕಗಳಲ್ಲಿ ಪಾಲಿಮರ್ ಸರಪಳಿ ಬೆಳೆಯುವ ತಾಣಗಳು ಒಂದೇ ಬಗೆಯವಲ್ಲ. ಆದುದರಿಂದ ಕ್ರಿಯೆಯ ಒಳಹಂತಗಳನ್ನು ಬಿಡಿಸಿ ನೋಡುವುದು ಕಷ್ಟವಾಗಿತ್ತು. ದ್ರಾವಕದಲ್ಲಿ ಕರಗುವ ಜಿರ್ಕೋನೊಸೀನ್‌ಗಳು ಈ ತೊಡಕನ್ನು ತಗ್ಗಿಸಿದವು. ಧನ ಅಯಾನು ರೂಪದ ಜಿರ್ಕೋನಿಯಂ ಸಂಯುಕ್ತವು ಎಥಿಲೀನನ್ನು ಪಾಲಿಮರೀಕರಿಸಬಲ್ಲದೆಂದು ರಿಚರ್ಡ್ ಜೋರ್ಡನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು.

ಧನ ಅಯಾನು ಇದ್ದಲ್ಲಿ ಋಣ ಅಯಾನೂ ಇರಲೇಬೇಕು. ಫ್ಲೂರಿನ್‌ಯುಕ್ತ ಬೋರೇನ್ ಒಂದು, ಡೈಮೆಥೈಲ್ ಜಿರ್ಕೋನೊಸೀನ್‌ನಿಂದ ಮೆಥೈಲ್ ಗುಂಪನ್ನು ಸೆಳೆದುಕೊಂಡಾಗ ಬೋರೇಟ್ ಅಯಾನು ಉಂಟಾಗುತ್ತದೆ. ಅದು ದೂರ ಸರಿಯದೆ, ಅದೇ ಮೆಥೈಲ್‌ನ ಮೂಲಕ ಲೋಹಕ್ಕೆ ತಾಗಿಕೊಂಡಿರುತ್ತದೆ. ಒಲೆಫಿನ್ ಬಂದು ಸೇರಬೇಕಾದ ಸ್ಥಳವೂ ಲೋಹದ ಸುತ್ತಲಿನದೇ ಆದ್ದರಿಂದ, ಋಣ ಅಯಾನನ್ನು ಲೆಕ್ಕದಿಂದ ಕೈಬಿಡಬಹುದೆ ಎಂಬ ಪ್ರಶ್ನೆ ಏಳುತ್ತದೆ.

ಕೂಲಂಬನ ನಿಯಮದ ಸರಳ ಅಂದಾಜು ಇಲ್ಲಿ ಉಪಯುಕ್ತ. ನಿರ್ವಾತದಲ್ಲಿ 0.4 ನ್ಯಾನೊಮೀಟರ್ ಅಂತರದಲ್ಲಿರುವ ಏಕಮಾನದ ವಿರುದ್ಧ ವಿದ್ಯುದಂಶಗಳನ್ನು ಪೂರ್ಣವಾಗಿ ಬೇರ್ಪಡಿಸಲು ಮೋಲ್‌ಗೆ ಸುಮಾರು 347 ಕಿಲೋಜೌಲ್ ಶಕ್ತಿ ಬೇಕು. ಡೈಎಲೆಕ್ಟ್ರಿಕ್ ಸ್ಥಿರಾಂಕ 2.4ರಷ್ಟಿರುವ ಟಾಲುಯೀನ್‌ನಲ್ಲಿ ಅದು ಸುಮಾರು 145ಕ್ಕೆ ಇಳಿಯುತ್ತದೆ. ಕೊಠಡಿಯ ತಾಪದಲ್ಲಿ ಲಭ್ಯವಿರುವ ಉಷ್ಣಶಕ್ತಿಯಾದರೋ ಮೋಲ್‌ಗೆ 2.5 ಕಿಲೋಜೌಲ್ ಮಾತ್ರ. ಹೀಗಾಗಿ ಜೋಡಿ ಪೂರ್ಣವಾಗಿ ಒಡೆದ ಬಳಿಕವೇ ಕ್ರಿಯೆ ನಡೆಯುತ್ತದೆಂಬ ಊಹೆ ನಿಲ್ಲುವುದಿಲ್ಲ.

1990ರ ದಶಕದ ಕೊನೆಯಿಂದ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಟಾಮ್ ಜೀಗ್ಲರ್ ಅವರ ತಂಡವೂ ಇತರರೂ ಎಲೆಕ್ಟ್ರಾನ್ ಸಾಂದ್ರತೆಯನ್ನು ಆಧರಿಸಿದ ಗಣನ ವಿಧಾನದಿಂದ ಇಡೀ ಜೋಡಿಯನ್ನು ಪರಿಶೀಲಿಸಿದರು. ಒಲೆಫಿನ್ ಋಣ ಅಯಾನು ಇರುವ ಬದಿಯಿಂದಲೂ ಎದುರು ಬದಿಯಿಂದಲೂ ಲೋಹವನ್ನು ಸಮೀಪಿಸಬಹುದು. ಋಣ ಅಯಾನು ಬಿಟ್ಟುಹೋಗದೆ, ತುಸು ಸರಿದು ಎಡೆಮಾಡಿಕೊಡುತ್ತದೆ. ವಿದ್ಯುದಂಶವು ವಿಶಾಲವಾಗಿ ಹರಡಿರುವ ದೊಡ್ಡ ಋಣ ಅಯಾನುಗಳ ಹಿಡಿತ ಸಡಿಲ.

ಈ ವಿಧಾನಕ್ಕೆ ಮಿತಿಯೂ ಉಂಟು. ಕ್ರಿಯೆಯ ಶಕ್ತಿತಡೆಯನ್ನು ಗಣಿಸುವಾಗ ಮೋಲ್‌ಗೆ 5.7 ಕಿಲೋಜೌಲ್‌ನಷ್ಟು ತಪ್ಪಾದರೂ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ರಿಯಾವೇಗದ ಅಂದಾಜು ಹತ್ತು ಪಟ್ಟು ತಪ್ಪುತ್ತದೆ. ಆದಕಾರಣ ಗಣನೆಯ ಫಲಿತಾಂಶಗಳನ್ನು ಎನ್.ಎಂ.ಆರ್. ರೋಹಿತದರ್ಶನದ ಹಾಗೂ ಕ್ರಿಯಾವೇಗದ ಮಾಪನಗಳೊಡನೆ ಹೋಲಿಸಿ ನೋಡುವುದು ಅಗತ್ಯ. ಕ್ರಿಯಾವರ್ಧಕವೆಂದರೆ ಲೋಹವೊಂದೇ ಅಲ್ಲ, ಋಣ ಅಯಾನು ಸೇರಿದ ಜೋಡಿ ಎಂಬ ತಿಳಿವಳಿಕೆಯೇ ಈ ಅಧ್ಯಯನಗಳ ಮುಖ್ಯ ಫಲ.