ಹೌದ್ರೀ... ಆಯ್ತ್ರೀ... ಹೂಂ!

ಸಿನಿಮಾ ಮಂದಿಗೆ ನಮ್ಮ ಕಡೆಯ ಮಾತೆಂದರೆ ಸಾಲಿನ ಕೊನೆಗೊಂದು ‘ರೀ’ ಅಂಟಿಸಿದರೆ ಮುಗೀತು! ಅವರು ಟಿಳಕವಾಡಿಯ ಮೊದಲನೇ ರೈಲ್ವೆ ಗೇಟಿನ ಹತ್ತಿರ ಒಂದು ತಾಸು ನಿಂತು ಕೇಳಲಿ. ಒಪ್ಪಿಗೆ ಒಂದಕ್ಕೇ ಎಷ್ಟು ಬಣ್ಣ ಅಂತ ತಿಳಿದೀತು.

ಮರಾಠಿಯವರು ‘ಹೋ’ ಅಂದರೆ ಹೌದು. ಕನ್ನಡದ ಕಿವಿಗೆ ‘ಹೋಗು’ ಅಂದಂತೆ! ಖಾನಾಪುರ ಕಡೆಯ ಕೊಂಕಣಿಯವರದು ‘ವ್ಹಯ್’. ಮರಾಠಿಯ ‘ಚಾಲೇಲ್’ ನಮ್ಮ ‘ನಡೀತೈತ್ರಿ’ಯ ಅಣ್ಣತಮ್ಮ. ಗಡಿ ತಂಟೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಚಹಾದಂಗಡಿಯಲ್ಲಿ ಮಾತ್ರ ಈ ಒಪ್ಪಿಗೆಗಳೆಲ್ಲ ಒಂದೇ ಬೆಂಚಿನ ಮೇಲೆ ಕೂಡುತ್ತವೆ.

ಇನ್ನು ನಮ್ಮ ‘ಹೌದು’. ಹಳೆಯ ‘ಅಹುದು’ ಸವೆದು ಹೌದು ಆಯಿತು, ಬೇರು ‘ಆಗು’. ‘ಆಯ್ತು’ ಕೂಡ ಅದೇ ಬೇರಿನ ಕೂಸು. ‘ಹೌದ್ರಿ’ ಅಂದರೆ ಮಾತು ನಿಜ. ‘ಹೌದೇನ್ರಿ?’ ಅಂದರೆ ಬೆರಗು. ‘ಹೌದಿಲ್ಲೋ?’ ಅಂದರೆ ಸಾಕ್ಷಿಗೆ ಕರೆದಂತೆ. ‘ಹೌದೌದು’ ಎಂದು ಎಳೆದರೆ ನಂಬಿಲ್ಲ ಅಂತಲೇ! ‘ಆಯ್ತ್ರಿ’ ಬಲು ಮೋಸದ್ದು. ದರ್ಜಿ ಹಾಗಂದರೆ ಅಂಗಿ ಹೊಲಿದಾಯ್ತೋ, ಇನ್ನು ಹೊಲಿಯೋಣ ಅಂತಲೋ, ಹಬ್ಬ ಬಂದಾಗಲೇ ಗೊತ್ತು.

2019ರ ಉಪಚುನಾವಣೆಯಲ್ಲಿ ಇದೇ ಜಿಲ್ಲೆಯ ಕಾಗವಾಡ ಕ್ಷೇತ್ರದಲ್ಲಿ ಸಿದ್ದರಾಮಯ್ಯ ಭಾಷಣ ಮಾಡುತ್ತಿದ್ದಾಗ ಗುಂಪಿನಿಂದೊಬ್ಬ ‘ಹೌದು ಹುಲಿಯಾ’ ಎಂದು ಕೂಗಿದ. ನಾಡೆಲ್ಲ ಹಬ್ಬಿತು. ಅದು ಒಪ್ಪಿಗೆಯೋ, ಸೀಟಿಯೋ? ಟಾಕೀಸಿನ ಮುಂದಿನ ಸಾಲಿನವರನ್ನೇ ಕೇಳಿ!

ಎಲ್ಲಕ್ಕಿಂತ ಸಣ್ಣದು ‘ಹೂಂ’. ಭಾರವೂ ಅದರದೇ ಹೆಚ್ಚು. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟಬೇಕು. ಎಚ್ಚರ ಇದ್ದೀನಿ ಅಂತ ಅದರ ಅರ್ಥ, ಒಪ್ಪಿದೆ ಅಂತಲ್ಲ. ಆದರೆ ಸಿನಿಮಾದ ಅಪ್ಪಂದಿರಿಗೆ ಮಗಳು ತಲೆ ತಗ್ಗಿಸಿದರೂ ಸಾಕು, ‘ಮೌನಂ ಸಮ್ಮತಿ ಲಕ್ಷಣಂ’... ಮುಂದಿನ ಶಾಟ್‌ನಲ್ಲಿ ವಾಲಗ!

ನಮ್ಮ ಓಣಿಯ ಅಜ್ಜಿಯೊಬ್ಬರು ನನಗೆ ಹೇಳಿದ ಮಾತಿದು. ವರನ ಕಡೆಯವರು ಬಂದು ಹೋದ ಮೇಲೆ ಮಗ ಒಂದೊಂದೇ ಹೇಳುತ್ತ ಹೋದನಂತೆ. ಹುಡುಗನ ನೌಕರಿ, ಹೊಲ, ಮನೆ... ಮೊಮ್ಮಗಳು ಪ್ರತಿ ಮಾತಿಗೂ ‘ಹೂಂ’. ಅವನು ತಿಥಿ ನೋಡಲು ಪಂಚಾಂಗ ತೆಗೆದ. ಅಜ್ಜಿ ತಡೆದರು.

“ತಡಿಯೋ. ಅಕಿ ಹೂಂ ಅಂದಾಳ, ಹೌದು ಅಂದಿಲ್ಲ. ಏನವಾ, ನಿನಗ ಒಪ್ಪಿಗಿ ಹೌದಿಲ್ಲೋ?”

ಹುಡುಗಿ ಮೆಲ್ಲಗೆ ಅಂದಳು: “ಕೇಳಾಕತ್ತಿದ್ನಿ ಅಜ್ಜಿ. ನನಗ ಇನ್ನೂ ಓದೂದೈತಿ.”

ಪಂಚಾಂಗ ಮತ್ತೆ ಕಪಾಟು ಸೇರಿತು. ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ.

ನಿರ್ದೇಶಕ ಮಹಾಶಯರೇ, ‘ರೀ’ ಅಂಟಿಸಿದ್ದು ಸಾಕು. ಇಂಥ ಅಜ್ಜಿಗೊಂದು ಸೀನು ಕೊಡಿ. ಚಪ್ಪಾಳೆ ಬೀಳದಿದ್ದರೆ ಕೇಳಿ!